ಪತ್ತಾರ ಕಿತ್ತುಕೊಟ್ಟ ಕೆಂಪು ಹರಳು

ನಮ್ಮ ದೊಡ್ಡವ್ವನ ಹತ್ತಿರ ಒಂದು ಬೋರಮಾಳ ಇದೆ. ಮದುವೆ, ಜಾತ್ರೆ ಇದ್ದಾಗ ಟ್ರಂಕಿನಿಂದ ತೆಗೆದು ಹಾಕಿಕೊಳ್ಳುತ್ತಾಳೆ. ಆ ಬಂಗಾರ ಎಲ್ಲಿಂದ ಬಂತು ಅನ್ನುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗಿನ ಮಾತು. ಊರ ಆಚೆ ಒಂದು ದಿಬ್ಬ ಇದೆ, ಹಾಳೂರು ಅಂತ ಕರೆಯುತ್ತೇವೆ. ಮಳೆ ಬಿದ್ದ ಮೇಲೆ ಅಲ್ಲಿ ನಡೆದಾಡಿದರೆ ಕೆಂಪು, ಕಪ್ಪು ಮಡಕೆ ಚೂರು ಕಾಲಿಗೆ ಸಿಗುತ್ತವೆ. ಅದಕ್ಕೆ ಹೊಂದಿಕೊಂಡ ಹೊಲದಲ್ಲಿ ದೊಡ್ಡಪ್ಪ ರೆಂಟೆ ಹೊಡೆಯುತ್ತಿದ್ದಾಗ ಒಂದು ಚಿಕ್ಕ ಗಡಿಗೆ ಒಡೆದು ಅದರೊಳಗಿಂದ ನಾಲ್ಕೈದು ಬಂಗಾರದ ತುಣುಕು ಬಂದವು. ಆ ರಾತ್ರಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಪೊಲೀಸರ ಹೆದರಿಕೆ ಒಂದು ಕಡೆ, ನಿಧಿ ಸಿಕ್ಕರೆ ಮನೆಗೆ ಆಗಿಬರುವುದಿಲ್ಲ ಅನ್ನುವ ಅಳುಕು ಇನ್ನೊಂದು ಕಡೆ. ಎರಡು ವರ್ಷ ಮಳೆ ಕೈಕೊಟ್ಟಿತ್ತು, ಮಗಳ ಮದುವೆ ಎದುರಿಗಿತ್ತು. ಮೂರನೇ ದಿನ ದೊಡ್ಡಪ್ಪ ಎರಡು ಬಸ್ ಬದಲಿಸಿ, ತನ್ನ ಗುರುತು ಹಿಡಿಯದ ಊರಿನ ಪತ್ತಾರನ ಹತ್ತಿರ ಹೋದ. ತುಣುಕುಗಳು ಮೂಸೆಗೆ ಬಿದ್ದವು. ಒಂದಿಷ್ಟು ಮದುವೆಗೆ ಹೋಯಿತು, ಉಳಿದದ್ದು ಬೋರಮಾಳ ಆಯಿತು.

ಡಿಪ್ಲೊಮಾ ಮುಗಿಸಿ, ಪತ್ರಿಕೆಗೆ ಸುದ್ದಿ ಕಳಿಸಲು ಶುರುಮಾಡಿದ ಮೇಲೆ ಒಮ್ಮೆ ದೊಡ್ಡವ್ವನನ್ನು ಕೇಳಿದೆ: ಆ ತುಣುಕು ನೋಡಲಿಕ್ಕೆ ಹೇಗಿದ್ದವು?

"ಕಿವಿಯಾಗಿಂದೋ ಕೊರಳಾಗಿಂದೋ ಗೊತ್ತಾಗ್ಲಿಲ್ಲ ತಮ್ಮಾ. ಕೆಂಪನೆ ಹರಳು ಇದ್ವು ನೋಡು. ಪತ್ತಾರ ಅವನ್ನ ಕಿತ್ತು ನಿಮ್ಮ ದೊಡ್ಡಪ್ಪನ ಕೈಯಾಗ ಕೊಟ್ಟ. ಹರಳಿಗೆ ಏನ್ ತೂಕ ಐತಿ, ಬಂಗಾರಕ್ಕಷ್ಟೇ ತೂಕ ಅಂದ್ನಂತ. ತಂದು ಇಟ್ಟಿದ್ವಿ. ಹುಡುಗ್ರು ಆಡಿ ಕಳದ್ವು."

ಆ ಹುಡುಗರಲ್ಲಿ ನಾನೂ ಒಬ್ಬ.

ಬಹಳ ವರ್ಷ ಇದನ್ನು ಮರೆತಿದ್ದೆ. ನೆನಪಿಗೆ ಬಂದದ್ದು ಇಂಗ್ಲೆಂಡಿನ ಒಂದು ಹೊಲದ ಕಥೆ ಓದಿದಾಗ. ಅಲ್ಲಿಯೂ ರೈತನ ಹೊಲ, ಅಲ್ಲಿಯೂ ಬಂಗಾರ, ಅಲ್ಲಿಯೂ ಕೆಂಪು ಹರಳು. ಆದರೆ ಅಲ್ಲಿ ಹರಳನ್ನು ಯಾರೂ ಕಿತ್ತು ಬಿಸಾಡಲಿಲ್ಲ. ಆ ಹರಳು ಅವರನ್ನು ಕರೆದುಕೊಂಡು ಬಂದದ್ದು ನಮ್ಮ ದೇಶಕ್ಕೆ.

ಎರಡೂವರೆ ಪೌಂಡಿನ ಯಂತ್ರ

2009ರ ಜುಲೈ 5. ಇಂಗ್ಲೆಂಡಿನ ನಡುಭಾಗದ ಸ್ಟಾಫರ್ಡ್‌ಶೈರ್ ಜಿಲ್ಲೆ, ಲಿಚ್‌ಫೀಲ್ಡ್ ಪಟ್ಟಣದ ಹತ್ತಿರ ಹ್ಯಾಮರ್‌ವಿಚ್ ಅನ್ನುವ ಹಳ್ಳಿ. ಟೆರ್ರಿ ಹರ್ಬರ್ಟ್ ಅನ್ನುವಾತ ಹೊಲದ ಮಾಲೀಕನ ಒಪ್ಪಿಗೆ ಪಡೆದು ಮೆಟಲ್ ಡಿಟೆಕ್ಟರ್ ಹಿಡಿದು ಅಲ್ಲಿ ಅಡ್ಡಾಡುತ್ತಿದ್ದ. ಅದು ಹಳೆಯ ಯಂತ್ರ, ಹಳೇ ಸಾಮಾನಿನ ಸಂತೆಯಲ್ಲಿ ಎರಡೂವರೆ ಪೌಂಡ್ ಕೊಟ್ಟು ತಂದದ್ದು ಎಂದು ಆಗ ಪತ್ರಿಕೆಗಳು ಬರೆದವು.

ಈ ಯಂತ್ರ ಕೆಲಸ ಮಾಡುವ ರೀತಿ ಸರಳ. ಕೋಲಿನ ತುದಿಯ ಬಳೆಯಾಕಾರದ ತಟ್ಟೆಯಲ್ಲಿ ತಂತಿ ಸುರುಳಿ ಇರುತ್ತದೆ. ಅದರಲ್ಲಿ ವಿದ್ಯುತ್ ಹರಿದಾಗ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ನೆಲದೊಳಗೆ ಲೋಹ ಇದ್ದರೆ ಅದರಲ್ಲೂ ಚಿಕ್ಕ ವಿದ್ಯುತ್ ಹರಿವು ಎದ್ದು, ಯಂತ್ರಕ್ಕೆ ಅದರ ಸುಳಿವು ಸಿಕ್ಕಿ ಕಿವಿಯಲ್ಲಿ ಸದ್ದು ಬರುತ್ತದೆ. ಸಣ್ಣ ವಸ್ತುವಾದರೆ ಗೇಣುದ್ದದ ಆಸುಪಾಸಿನ ಆಳದವರೆಗೆ ಗೊತ್ತಾಗುತ್ತದೆ. ಅಷ್ಟೇ. ಸಿಕ್ಕದ್ದು ರಾಜನ ಕಡಗವೋ ಟ್ರ್ಯಾಕ್ಟರಿನ ನಟ್ಟೋ ಅನ್ನುವುದು ಅಗೆದು ನೋಡಿದ ಮೇಲೆಯೇ ಖಚಿತ. "ಬಂಗಾರ ಎಲ್ಲಿದೆ ಅಂತ ತೋರಿಸುವ ಮಷೀನು" ಎಂದು ಹೇಳಿ ನಮ್ಮ ಕಡೆ ಜನರಿಂದ ಲಕ್ಷಗಟ್ಟಲೆ ಕೀಳುವವರಿದ್ದಾರಲ್ಲ, ಅವರ ಯಂತ್ರಕ್ಕೂ ಇದಕ್ಕೂ ಸಂಬಂಧ ಇಲ್ಲ.

ಹರ್ಬರ್ಟ್ ಐದು ದಿನ ಹುಡುಕಿದ. ಬಂಗಾರದ ತುಣುಕುಗಳು 244 ಚೀಲದಷ್ಟು ಆದವು. ಸಣ್ಣ ಸಣ್ಣ ಪ್ಲಾಸ್ಟಿಕ್ ಚೀಲಗಳೇ ಇರಬಹುದು, ಆದರೂ 244! ಆಗ ಆತ ಮಾಡಿದ ಕೆಲಸ ಈ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡದು. ಇನ್ನು ತಾನು ಅಗೆಯಬಾರದು ಎಂದು ಆ ಭಾಗದ ಶೋಧ ಸಂಪರ್ಕಾಧಿಕಾರಿಗೆ ವಿಷಯ ತಿಳಿಸಿದ.

ಇಂಥ ಅಧಿಕಾರಿಗಳು ಅಲ್ಲಿ ಪ್ರತಿ ಭಾಗಕ್ಕೂ ಇದ್ದಾರೆ. 1997ರಲ್ಲಿ ಶುರುವಾದ ಒಂದು ಯೋಜನೆಯಡಿ, ಜನರಿಗೆ ಹೊಲದಲ್ಲಿ, ತೋಟದಲ್ಲಿ ಸಿಕ್ಕ ಹಳೆಯ ವಸ್ತುಗಳನ್ನು ನೋಡಿ, ಅಳೆದು, ಚಿತ್ರ ತೆಗೆದು, ಸಿಕ್ಕ ಜಾಗವನ್ನು ದಾಖಲಿಸುವುದು ಇವರ ಕೆಲಸ. ವಸ್ತುವನ್ನು ಕಸಿದುಕೊಳ್ಳುವುದು ಇವರ ಕೆಲಸವಲ್ಲ. ಬಟನ್ನು, ಉಂಗುರ, ನಾಣ್ಯ, ಬಾಣದ ತುದಿ ಹೀಗೆ 15 ಲಕ್ಷಕ್ಕೂ ಹೆಚ್ಚು ವಸ್ತುಗಳ ವಿವರ ಈಗ ಆ ದಾಖಲೆಯಲ್ಲಿದೆ.

ಬಂಗಾರ, ಬೆಳ್ಳಿಗೆ ಬೇರೆ ಕಾನೂನಿದೆ. 1996ರ ನಿಧಿ ಕಾಯ್ದೆಯ ಪ್ರಕಾರ 300 ವರ್ಷಕ್ಕಿಂತ ಹಳೆಯದಾದ, ನೂರಕ್ಕೆ ಹತ್ತು ಪಾಲಾದರೂ ಬಂಗಾರ ಅಥವಾ ಬೆಳ್ಳಿ ಇರುವ ವಸ್ತು ಸಿಕ್ಕರೆ 14 ದಿನದೊಳಗೆ ಕರೋನರ್‌ಗೆ ತಿಳಿಸಬೇಕು. ಕರೋನರ್ ಅಂದರೆ ಅಸಹಜ ಸಾವಿನ ವಿಚಾರಣೆ ಮಾಡುವ ಅಧಿಕಾರಿ. ನಿಧಿಯ ವಿಚಾರಣೆಯೂ ಮಧ್ಯಯುಗದಿಂದ ಅವನದೇ. ಮ್ಯೂಸಿಯಂಗೆ ಬೇಕಾದರೆ ತಜ್ಞರ ಸಮಿತಿ ಬೆಲೆ ಕಟ್ಟುತ್ತದೆ, ಆ ಹಣವನ್ನು ಸಾಮಾನ್ಯವಾಗಿ ಕಂಡವನಿಗೂ ಹೊಲದವನಿಗೂ ಹಂಚುತ್ತಾರೆ. ಯಾವ ಮ್ಯೂಸಿಯಂಗೂ ಬೇಡವಾದರೆ ವಸ್ತು ವಾಪಸ್.

ಹ್ಯಾಮರ್‌ವಿಚ್‌ನ ಹೊಲಕ್ಕೆ ಪುರಾತತ್ವದವರು ಬಂದರು. ಜಾಗದ ಹೆಸರು ಹೊರಗೆ ಬಿಡದೆ ಆಗಸ್ಟ್‌ವರೆಗೆ ಅಗೆದರು. ಸೆಪ್ಟೆಂಬರ್ 24ರಂದು ಕರೋನರ್ ಅದನ್ನು ನಿಧಿ ಎಂದು ಘೋಷಿಸಿದ. ನವೆಂಬರಿನಲ್ಲಿ ಬೆಲೆ ಕಟ್ಟಿದರು: 32.85 ಲಕ್ಷ ಪೌಂಡ್. ಹರ್ಬರ್ಟ್‌ಗೂ ಹೊಲದ ಮಾಲೀಕನಿಗೂ ಸಮಪಾಲು. ಬರ್ಮಿಂಗ್‌ಹ್ಯಾಮ್ ಮತ್ತು ಸ್ಟೋಕ್-ಆನ್-ಟ್ರೆಂಟ್‌ನ ಮ್ಯೂಸಿಯಂಗಳು ಸೇರಿ ಕೊಂಡವು. 2012ರಲ್ಲಿ ಅದೇ ಹೊಲವನ್ನು ಮತ್ತೆ ಉತ್ತಾಗ ಇನ್ನೂ 80ಕ್ಕೂ ಹೆಚ್ಚು ತುಣುಕು ಮೇಲೆ ಬಂದವು. ಇದನ್ನೇ ಈಗ ಸ್ಟಾಫರ್ಡ್‌ಶೈರ್ ನಿಧಿ ಎನ್ನುತ್ತಾರೆ. ಸುಮಾರು 4 ಕಿಲೋ ಬಂಗಾರ, 1.7 ಕಿಲೋ ಬೆಳ್ಳಿ, ಸಾವಿರಾರು ಕೆಂಪು ಹರಳು.

ಬಂಗಾರ ಬಾಯಿ ಬಿಡುವುದಿಲ್ಲ

ಸಿಕ್ಕ ಮೇಲೆ ಕೇಳಬೇಕಾದ ಪ್ರಶ್ನೆ: ಇದು ಯಾರದು, ಯಾವ ಕಾಲದ್ದು, ಎಲ್ಲಿಂದ ಬಂತು?

ನಾಣ್ಯ ಇದ್ದಿದ್ದರೆ ಕೆಲಸ ಹಗುರ. ರಾಜನ ಹೆಸರು ಓದಿ ಕಾಲ ಹೇಳಬಹುದಿತ್ತು. ಇದರಲ್ಲಿ ನಾಣ್ಯವೇ ಇರಲಿಲ್ಲ. ಗೋರಿ ಇಲ್ಲ, ಮನೆಯ ಅಡಿಪಾಯ ಇಲ್ಲ. ಹೆಂಗಸರ ಒಡವೆಯೂ ಇರಲಿಲ್ಲ. ಹೆಚ್ಚಿನವು ಕತ್ತಿಯ ಹಿಡಿಗೆ ಹಾಕಿದ್ದ ಬಂಗಾರದ ಕಟ್ಟು, ಹಿಡಿಯ ತುದಿಯ ಗುಬಟು. ಜೊತೆಗೆ ಒಂದು ಶಿರಸ್ತ್ರಾಣದ ಚೂರುಗಳು, ಮಡಚಿಹೋದ ಒಂದು ಶಿಲುಬೆ, ಬೈಬಲಿನ ಸಾಲನ್ನು ಲ್ಯಾಟಿನ್‌ನಲ್ಲಿ ಕೊರೆದ ಒಂದು ಪಟ್ಟಿ. ಕತ್ತಿಯ ಅಲಗು ಒಂದೂ ಇಲ್ಲ. ಯಾರೋ ಕತ್ತಿಗಳಿಂದ ಬಂಗಾರವನ್ನಷ್ಟೇ ಕಿತ್ತು, ಬಗ್ಗಿಸಿ, ಒಂದು ಕಡೆ ಹೂತಿದ್ದರು.

ಸಂಶೋಧಕರು ಮೊದಲು ನೋಡಿದ್ದು ಜಾಗವನ್ನು. ಹೊಲದ ಪಕ್ಕದಲ್ಲೇ ರೋಮನ್ನರ ಕಾಲದ ವಾಟ್ಲಿಂಗ್ ರಸ್ತೆ ಹಾದುಹೋಗುತ್ತದೆ. ಏಳನೇ ಶತಮಾನದಲ್ಲಿ ಅದು ಮರ್ಸಿಯಾ ಅನ್ನುವ ರಾಜ್ಯದ ನಡುಮನೆ. ಆಮೇಲೆ ನೋಡಿದ್ದು ಕೈಕೆಲಸವನ್ನು. ಹಾವಿನಂತೆ ಒಂದಕ್ಕೊಂದು ಹೆಣೆದುಕೊಂಡ ಪ್ರಾಣಿಗಳ ಚಿತ್ತಾರ 1939ರಲ್ಲಿ ಸಟನ್ ಹೂ ಅನ್ನುವಲ್ಲಿ ಅಗೆದ ರಾಜಗೋರಿಯ ಒಡವೆಗಳಿಗೆ ಹತ್ತಿರವಾಗಿತ್ತು. ಹೀಗೆ ಒಂದೊಂದೇ ಹೋಲಿಸುತ್ತ, ಮುರಿದ ತುಣುಕುಗಳನ್ನು ಜೋಡಿಸುತ್ತ ಹತ್ತು ವರ್ಷ ಕಳೆಯಿತು. 2019ರಲ್ಲಿ ಪೂರ್ಣ ವರದಿ ಪುಸ್ತಕವಾಗಿ ಬಂತು. ನಿಧಿಯನ್ನು ಹೂತದ್ದು ಕ್ರಿ.ಶ. 650ರಿಂದ 675ರ ನಡುವೆ ಎಂಬ ನಿರ್ಧಾರಕ್ಕೆ ಬಂದರು. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ಇಮ್ಮಡಿ ಪುಲಕೇಶಿ ತೀರಿಕೊಂಡ ಮೇಲೆ, ಅವನ ಮಗ ಒಂದನೇ ವಿಕ್ರಮಾದಿತ್ಯ ಬಾದಾಮಿಯನ್ನು ಮತ್ತೆ ಎತ್ತಿ ನಿಲ್ಲಿಸಿದ ಕಾಲ.

ಬಂಗಾರವನ್ನೂ ಪರೀಕ್ಷಿಸಿದರು. ಅಲ್ಲಿ ಒಂದು ಸ್ವಾರಸ್ಯ ಹೊರಬಿತ್ತು. ಕೆಲವು ವಸ್ತುಗಳ ಮೇಲ್ಮೈಯಲ್ಲಿ ಬಂಗಾರದ ಪಾಲು ಹೆಚ್ಚು, ಒಳಗೆ ಬೆಳ್ಳಿ, ತಾಮ್ರದ ಬೆರಕೆ ಹೆಚ್ಚು. ಆ ಕಾಲದ ಅಕ್ಕಸಾಲಿಗರು ಮೇಲ್ಪದರದ ಬೆಳ್ಳಿ, ತಾಮ್ರವನ್ನು ಯಾವುದೋ ಉಪಾಯದಿಂದ ತೆಗೆದು ಒಡವೆಗೆ ಬಣ್ಣ ಏರಿಸಿದ್ದರು. ಒರೆಗಲ್ಲಿಗೆ ಮೆಲ್ಲಗೆ ತಿಕ್ಕಿದರೆ ಮೋಸ ಹೋಗುವುದೇ! ಕೈಚಳಕ ಎಲ್ಲ ಊರಲ್ಲೂ ಒಂದೇ ಅನ್ನಿಸಿತು.

ಆದರೆ ಬಂಗಾರ ಎಲ್ಲಿಯದು ಅನ್ನುವುದಕ್ಕೆ ಬಂಗಾರ ನೇರ ಉತ್ತರ ಕೊಡುವುದಿಲ್ಲ. ಕಾರಣ, ಅದು ಕರಗುತ್ತಲೇ ಬಂದಿರುತ್ತದೆ. ಆ ಕಾಲದ ಇಂಗ್ಲೆಂಡಿನ ಒಡವೆಗಳಿಗೆ ಬಂಗಾರ ಹೆಚ್ಚಾಗಿ ಒದಗಿದ್ದು ಹೊರಗಿನ ನಾಣ್ಯಗಳಿಂದ. ಕಾನ್‌ಸ್ಟಾಂಟಿನೋಪಲ್‌ನಿಂದ ಆಳುತ್ತಿದ್ದ ಬೈಜಾಂಟೈನ್ ದೊರೆಗಳ ನಾಣ್ಯಗಳು ಯುರೋಪಿನ ಒಳನಾಡಿಗೆ ಬಂದು, ಅಲ್ಲಿ ಕರಗಿ ಬೇರೆ ನಾಣ್ಯಗಳಾಗಿ, ಸಮುದ್ರ ದಾಟಿ ಮತ್ತೆ ಕರಗಿ ಕತ್ತಿಯ ಹಿಡಿ ಆದವು. ಹತ್ತು ಊರಿನ ಬಂಗಾರ ಒಂದು ಮೂಸೆಯಲ್ಲಿ ಸೇರಿದ ಮೇಲೆ ಯಾವುದು ಯಾರದು? ನಮ್ಮ ದೊಡ್ಡವ್ವನ ಬೋರಮಾಳದ ಸ್ಥಿತಿಯೂ ಅದೇ.

ಹರಳು ಹೇಳಿದ ದಾರಿ

ಹರಳು ಮಾತ್ರ ಕರಗುವುದಿಲ್ಲ. ಭೂಮಿಯೊಳಗೆ ಹುಟ್ಟುವಾಗ ಏನನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿತ್ತೋ ಅದನ್ನೇ ಕೊನೆವರೆಗೂ ಇಟ್ಟುಕೊಂಡಿರುತ್ತದೆ.

ಸ್ಟಾಫರ್ಡ್‌ಶೈರ್ ನಿಧಿಯ ಕೆಂಪು ಹರಳುಗಳು ಗಾರ್ನೆಟ್. ನವರತ್ನದಲ್ಲಿ ಬರುವ ಗೋಮೇಧಿಕವೂ ಇದೇ ಕುಲದ್ದು, ಬಣ್ಣ ಬೇರೆ. ಗಾರ್ನೆಟ್ಟನ್ನು ಒಂದು ಮಿಲಿಮೀಟರಿನ ಆಸುಪಾಸು ತೆಳುವಾಗಿ ಸೀಳಿ, ಚೌಕ, ಮೆಟ್ಟಿಲು, ಅಣಬೆಯ ಆಕಾರಕ್ಕೆ ತಿದ್ದಿ, ಬಂಗಾರದ ಚಿಕ್ಕ ಗೂಡುಗಳಲ್ಲಿ ಕೂರಿಸಿದ್ದರು. ಹರಳಿನ ಹಿಂದೆ ಸಣ್ಣ ಗೆರೆಗಳ ಅಚ್ಚೊತ್ತಿದ ಬಂಗಾರದ ತಗಡು. ಬೆಳಕು ಹರಳನ್ನು ದಾಟಿ ಆ ತಗಡಿಗೆ ಬಡಿದು ವಾಪಸ್ ಬಂದಾಗ ಹರಳು ಕೆಂಡದಂತೆ ಕಾಣುತ್ತದೆ. ನಮ್ಮ ಕುಂದಣದ ಕೆಲಸದಲ್ಲೂ ಹರಳಿನ ಹಿಂದೆ ತಗಡು ಇಡುತ್ತಾರಲ್ಲ, ಅದೇ ಉಪಾಯ.

ಎಲ್ಲ ಗಾರ್ನೆಟ್ಟೂ ಒಂದೇ ಅಲ್ಲ. ಕೆಲವದರಲ್ಲಿ ಕಬ್ಬಿಣದ ಅಂಶ ಹೆಚ್ಚು, ಕೆಲವದರಲ್ಲಿ ಮೆಗ್ನೀಸಿಯಂ ಹೆಚ್ಚು. ಕ್ರೋಮಿಯಂನಂಥ ಧಾತುಗಳು ಕೂದಲೆಳೆಯಷ್ಟು ಇರುತ್ತವೆ. ಒಳಗೆ ಬೇರೆ ಖನಿಜದ ಸಣ್ಣ ಕಣಗಳು ಸಿಕ್ಕಿಕೊಂಡಿರುತ್ತವೆ. ಇದೆಲ್ಲ ಬೆಟ್ಟದಿಂದ ಬೆಟ್ಟಕ್ಕೆ ಬೇರೆ. ನಮ್ಮಲ್ಲಿ ನೀರು ಕುಡಿದು ಇದು ಯಾವ ಬಾವಿಯದು ಎಂದು ಹೇಳುವ ಹಿರಿಯರಿರುವಂತೆ, ಹರಳಿನ ಒಳಗುಣ ನೋಡಿ ಇದು ಯಾವ ಸೀಮೆಯದು ಎಂದು ಹೇಳಬಹುದು.

ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಕಟ್ಟಡದ ಅಡಿಯಲ್ಲಿ ಇದಕ್ಕೆಂದೇ ಒಂದು ಯಂತ್ರವಿದೆ. ಅತಿ ಸೂಕ್ಷ್ಮ ಕಣಗಳ ಧಾರೆಯನ್ನು ವೇಗವಾಗಿ ಹರಳಿನ ಮೇಲೆ ಬಿಡುತ್ತಾರೆ. ಹರಳಿನಿಂದ ಎಕ್ಸ್-ಕಿರಣಗಳು ಹೊರಡುತ್ತವೆ. ಒಂದೊಂದು ಧಾತುವಿನ ಕಿರಣವೂ ಬೇರೆ, ಅದನ್ನು ಓದಿದರೆ ಒಳಗೆ ಏನೇನು ಎಷ್ಟಿದೆ ಎಂದು ಗೊತ್ತಾಗುತ್ತದೆ. ಹರಳಿಗೆ ಒಂದು ಗೀರೂ ಬೀಳುವುದಿಲ್ಲ. 2000ರ ಆಸುಪಾಸಿನಲ್ಲಿ ಪ್ಯಾರಿಸ್ ಹತ್ತಿರದ ಸೇಂಟ್ ಡೆನಿಸ್ ಚರ್ಚಿನ ಗೋರಿಗಳಲ್ಲಿ ಸಿಕ್ಕ ಒಡವೆಗಳನ್ನು ಹೀಗೆ ಪರೀಕ್ಷಿಸಿದರು. ಅವು ಆರು, ಏಳನೇ ಶತಮಾನದ ರಾಜಮನೆತನದವರ ಒಡವೆ. ಹರಳುಗಳಲ್ಲಿ ಬಹುಪಾಲು ಭಾರತದವು, ಒಂದಿಷ್ಟು ಶ್ರೀಲಂಕಾದವು, ಕೊನೆಯ ಕಾಲದ ಒಡವೆಗಳಲ್ಲಿ ಬೊಹೀಮಿಯಾದ, ಅಂದರೆ ಇಂದಿನ ಚೆಕ್ ದೇಶದ ಹರಳು ಎಂದು ಫಲಿತಾಂಶ ಬಂತು.

ಸ್ಟಾಫರ್ಡ್‌ಶೈರ್ ನಿಧಿಯ ಹರಳುಗಳಲ್ಲೂ ಇಂಥದೇ ಬೆರಕೆ ಕಂಡಿತು. ಚಿಕ್ಕ ಹರಳುಗಳು ಬೊಹೀಮಿಯಾ ಕಡೆಯವು, ದೊಡ್ಡವು ಭಾರತ ಉಪಖಂಡದ ಕಡೆಯವು ಎನ್ನುತ್ತಾರೆ ಸಂಶೋಧಕರು. ಏಳನೇ ಶತಮಾನದ ಹೊತ್ತಿಗೆ ಪೂರ್ವದ ಹರಳು ಯುರೋಪಿಗೆ ಬರುವುದು ಕಡಿಮೆಯಾಗಿತ್ತು. ಕೆಂಪು ಸಮುದ್ರದ ದಾರಿ ಯುದ್ಧಗಳಿಂದ ಕೆಟ್ಟದ್ದೇ ಕಾರಣ ಎನ್ನುವವರಿದ್ದಾರೆ, ರುಚಿ ಬದಲಾಯಿತು ಎನ್ನುವವರೂ ಇದ್ದಾರೆ. ಹಳೆಯ ಒಡವೆಯ ಹರಳು ಕಿತ್ತು ಹೊಸದಕ್ಕೆ ಕೂರಿಸುವ ರೂಢಿ ಆಗಲೂ ಇತ್ತು. ಅಂದರೆ ಒಂದು ಭಾರತದ ಹರಳು ಮೂರು ತಲೆಮಾರಿನ ಕತ್ತಿಗಳ ಮೇಲೆ ಕೂತಿರಬಹುದು.

ನಮ್ಮ ನೆಲದಿಂದ ಇದು ಹೊರಟ ಬಗೆಯೂ ಒಂದಷ್ಟು ತಿಳಿದಿದೆ. ರಾಜಸ್ಥಾನದಲ್ಲಿ ಗಾರ್ನೆಟ್ ಗಣಿಗಳಿದ್ದವು. ದಖ್ಖನ್ನಿನಲ್ಲಿ, ಇಂದಿನ ತೆಲಂಗಾಣದ ಗರಿಬ್‌ಪೇಟೆಯ ಬೆಟ್ಟದ ಬುಡದಲ್ಲಿ ಗಾರ್ನೆಟ್ ಹೊಲದ ಮಣ್ಣಿನಲ್ಲೇ ಸಿಗುತ್ತದೆ. ಪುದುಚೇರಿ ಹತ್ತಿರದ ಅರಿಕಮೇಡು, ರೋಮನ್ನರ ಜೊತೆ ವ್ಯಾಪಾರ ಮಾಡುತ್ತಿದ್ದ ಹಳೆಯ ಬಂದರು. ಅಲ್ಲಿ ಸಿಕ್ಕ ಗಾರ್ನೆಟ್ ಮಣಿಗಳನ್ನು ಪರೀಕ್ಷಿಸಿದಾಗ ಅವು ಗರಿಬ್‌ಪೇಟೆಯ ಹರಳಿಗೆ ತಾಳೆಯಾದವು. ಎರಡೂ ಊರಿನ ನಡುವೆ 600 ಕಿಲೋಮೀಟರಿಗಿಂತ ಹೆಚ್ಚು ದೂರ. ಆರನೇ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ಕಾಸ್ಮಾಸ್ ಅನ್ನುವಾತ ಕೇಬರ್ ಎಂಬ ಬಂದರಿನಿಂದ ಕೆಂಪು ಹರಳು ರಫ್ತಾಗುತ್ತಿತ್ತು ಎಂದು ದಾಖಲಿಸಿದ್ದಾನೆ. ಕೇಬರ್ ಅಂದರೆ ಕಾವೇರಿ ಸಮುದ್ರ ಸೇರುವಲ್ಲಿನ ಕಾವೇರಿಪಟ್ಟಣ ಎಂದು ವಿದ್ವಾಂಸರು ಗುರುತಿಸುತ್ತಾರೆ. ಕೊಡಗಿನಲ್ಲಿ ಹುಟ್ಟಿದ ನದಿಯ ಹೆಸರು ಹೊತ್ತ ಬಂದರು!

ಈ ವ್ಯಾಪಾರದ ಇನ್ನೊಂದು ತುದಿ ನಮ್ಮಲ್ಲೇ ಇದೆ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಐದು, ಆರನೇ ಶತಮಾನದ ಬೈಜಾಂಟೈನ್ ದೊರೆಗಳ ಹೆಸರಿನ ಬಂಗಾರದ ನಾಣ್ಯಗಳು ಸಿಕ್ಕಿವೆ. ಒಂದೇ ಸಾಮ್ರಾಜ್ಯದ ಬಂಗಾರ ಒಂದು ಕಡೆ ಅಕ್ಕಿಆಲೂರಿಗೆ ಬಂತು, ಇನ್ನೊಂದು ಕಡೆ ಇಂಗ್ಲೆಂಡಿನ ಮೂಸೆಗೆ ಹೋಯಿತು. ನಮ್ಮ ಕಡೆಯಿಂದ ಹೋದ ಹರಳು ಆ ಬಂಗಾರದ ಮೇಲೆ ಕೂತಿತು. ಅಕ್ಕಿಆಲೂರಿನ ನಾಣ್ಯ ಕರಗದೆ ಉಳಿದದ್ದರಿಂದ ಈ ಮಾತು ಹೇಳಲು ಸಾಧ್ಯವಾಯಿತು.

ಮುಚ್ಚಿಟ್ಟಾಗ ಏನಾಗುತ್ತದೆ

ಇಂಗ್ಲೆಂಡಿನಲ್ಲಿ ಎಲ್ಲರೂ ಸಾಚಾ ಎಂದು ಯಾರೂ ತಿಳಿಯಬೇಕಿಲ್ಲ. ರಾತ್ರಿ ಹೊತ್ತು ಕದ್ದು ಹೊಲಕ್ಕೆ ನುಗ್ಗುವ ಡಿಟೆಕ್ಟರ್ ಕಳ್ಳರು ಅಲ್ಲೂ ಇದ್ದಾರೆ. 2015ರಲ್ಲಿ ಹೆರೆಫರ್ಡ್‌ಶೈರ್‌ನ ಲೆಮ್ಸ್ಟರ್ ಹತ್ತಿರದ ಹೊಲದಲ್ಲಿ ಇಬ್ಬರಿಗೆ ವೈಕಿಂಗ್ ಕಾಲದ ನಿಧಿ ಸಿಕ್ಕಿತು. ಬಂಗಾರದ ಉಂಗುರ, ಪ್ರಾಣಿಯ ತಲೆಯಿದ್ದ ಕಡಗ, ಬಂಗಾರದ ಕಟ್ಟಿನ ಸ್ಫಟಿಕದ ಪದಕ, ಜೊತೆಗೆ ಸುಮಾರು 300 ನಾಣ್ಯ. ಅವರು ಕಾನೂನಿನಂತೆ ಪೂರ್ತಿ ತಿಳಿಸದೆ ಮಾರಲು ಹೊರಟರು. 2019ರಲ್ಲಿ ಜೈಲು ಶಿಕ್ಷೆಯಾಯಿತು. ಆ ಹೊತ್ತಿಗೆ ಕೈಗೆ ಸಿಕ್ಕಿದ್ದ ನಾಣ್ಯ 31 ಮಾತ್ರ.

ಶಿಕ್ಷೆಗಿಂತ ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ಆ 31ರಲ್ಲೇ ಕೆಲವು, ವೆಸೆಕ್ಸ್‌ನ ಆಲ್ಫ್ರೆಡ್ ಮತ್ತು ಮರ್ಸಿಯಾದ ಎರಡನೇ ಚಿಯೋಲ್‌ವುಲ್ಫ್ ಎಂಬ ಇಬ್ಬರು ದೊರೆಗಳು ಅಕ್ಕಪಕ್ಕ ಕೂತಿರುವ ಚಿತ್ರದವು. ಚಿಯೋಲ್‌ವುಲ್ಫ್‌ನನ್ನು ಹಳೆಯ ಚರಿತ್ರೆ ವೈಕಿಂಗರ ಕೈಗೊಂಬೆ ಎಂದು ತಳ್ಳಿಹಾಕಿತ್ತು. ನಾಣ್ಯ ನೋಡಿದರೆ ಅವನು ಆಲ್ಫ್ರೆಡ್‌ನ ಸರಿಸಮ ಜೊತೆಗಾರ. ಒಂದು ರಾಜ್ಯದ ಕಥೆ ತಿದ್ದಲು ಕೆಲವೇ ನಾಣ್ಯ ಸಾಕಾಯಿತು. ಕೈತಪ್ಪಿದವು ಇನ್ನೆಷ್ಟು ಹೇಳುತ್ತಿದ್ದವೋ.

ಇದಕ್ಕೆ ತದ್ವಿರುದ್ಧದ ಒಂದು ಪ್ರಕರಣವೂ ಇದೆ. 2019ರ ಡಿಸೆಂಬರಿನಲ್ಲಿ ಚಾರ್ಲಿ ಕ್ಲಾರ್ಕ್ ಅನ್ನುವಾತನಿಗೆ ವಾರ್ವಿಕ್‌ಶೈರ್‌ನ ಹೊಲದಲ್ಲಿ ಬಂಗಾರದ ಸರವೂ ಹೃದಯಾಕಾರದ ಪದಕವೂ ಸಿಕ್ಕವು. ಸರಕ್ಕೆ 75 ಕೊಂಡಿ. ಪದಕದ ಮೇಲೆ ಒಂದು ಗುಲಾಬಿ, ಒಂದು ದಾಳಿಂಬೆ, ಎಚ್ ಮತ್ತು ಕೆ ಅಕ್ಷರ. ಗುಲಾಬಿ ಎಂಟನೇ ಹೆನ್ರಿಯ ಮನೆತನದ ಗುರುತು, ದಾಳಿಂಬೆ ಅವನ ಮೊದಲ ಹೆಂಡತಿ ಕ್ಯಾಥರೀನ್‌ಳ ಗುರುತು. ಇಷ್ಟು ಸಲೀಸಾಗಿ ಗುರುತು ಸಿಕ್ಕರೆ ತಜ್ಞರಿಗೆ ಅನುಮಾನ ಹುಟ್ಟುತ್ತದೆ, ಈಚಿನ ನಕಲಿ ಇರಬಹುದೇ ಎಂದು. ಲೋಹ ಪರೀಕ್ಷೆ ಮಾಡಿ, ಆ ಕಾಲದ ಅರಮನೆಯ ಲೆಕ್ಕಪತ್ರ, ಉಡುಪಿನ ವಿವರಗಳಿಗೆ ತಾಳೆ ಹಾಕಿ ನಿಜವೆಂದು ಒಪ್ಪಿದರು. 1518ರಲ್ಲಿ ಅವರ ಮಗಳು ಮೇರಿಗೆ ಫ್ರಾನ್ಸಿನ ರಾಜಕುಮಾರನೊಂದಿಗೆ ಸಂಬಂಧ ಕುದುರಿಸಿದ ಉತ್ಸವಕ್ಕೆ ಮಾಡಿಸಿದ್ದಿರಬಹುದು ಎಂಬುದು ಅವರ ಊಹೆ. ಇದನ್ನು ಕೊಳ್ಳಲು ಬ್ರಿಟಿಷ್ ಮ್ಯೂಸಿಯಂ 2025ರಲ್ಲಿ 35 ಲಕ್ಷ ಪೌಂಡ್ ಸಂಗ್ರಹಕ್ಕೆ ಇಳಿಯಿತು. ಕರಗಿಸಿದ್ದರೆ ಅದು 300 ಗ್ರಾಂ ಬಂಗಾರ, ಅಷ್ಟೇ.

ನಮ್ಮ ಹೊಲ, ನಮ್ಮ ಹೆದರಿಕೆ

ನಮ್ಮಲ್ಲೂ ಕಾನೂನು ಇಲ್ಲದೆ ಇಲ್ಲ. ಬ್ರಿಟಿಷರ ಕಾಲದ 1878ರ ನಿಧಿ ಕಾಯ್ದೆ ಇತ್ತು. ನಮ್ಮ ರಾಜ್ಯಕ್ಕೆ 1962ರಲ್ಲಿ ಬೇರೆಯೇ ಕಾಯ್ದೆ ಬಂತು. ಎರಡರಲ್ಲೂ ಮೊದಲ ಮಾತು ಒಂದೇ: ಸಿಕ್ಕವರು ಜಿಲ್ಲಾಧಿಕಾರಿಗೆ ತಿಳಿಸಬೇಕು. 1878ರ ಕಾಯ್ದೆಯಲ್ಲಿ, ಹಕ್ಕುದಾರರು ಯಾರೂ ಬರದಿದ್ದರೆ ಸಿಕ್ಕವನಿಗೆ ಮುಕ್ಕಾಲು, ಜಾಗದವನಿಗೆ ಕಾಲು ಪಾಲು ಎಂದೂ ಬರೆದಿದೆ. ಆಗಿನ ಬ್ರಿಟನ್ನಿನ ಕಾನೂನಿಗಿಂತ ಇದು ಎಷ್ಟೋ ಧಾರಾಳ.

ಆದರೆ ಹೊಲದಲ್ಲಿ ನಿಂತವನಿಗೆ ಈ ಕಾಯ್ದೆ ಕಾಣುವುದಿಲ್ಲ. ಕಾಣುವುದು ಠಾಣೆಯ ಬಾಗಿಲು. "ಇಷ್ಟೇ ಸಿಕ್ಕಿತೋ, ಇನ್ನೂ ಇತ್ತೋ?" ಎಂಬ ಪ್ರಶ್ನೆ. ಹೊಲವನ್ನೇ ಸರ್ಕಾರ ತಗೊಂಡರೆ ಅನ್ನುವ ಚಿಂತೆ. ಹಳೆಯ ಉಂಗುರ ತೋರಿಸಿ ಕೇಳಲು ತಾಲೂಕಿನಲ್ಲಿ ಒಬ್ಬ ಮನುಷ್ಯ ಇಲ್ಲ. ದೊಡ್ಡಪ್ಪನಿಗೆ ಸುರಕ್ಷಿತವಾಗಿ ಕಂಡದ್ದು ಎರಡು ಬಸ್ಸಿನಾಚೆಯ ಪತ್ತಾರನ ಮೂಸೆ. ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಪತ್ತಾರನೂ ತನ್ನ ಕಸುಬಿನ ಲೆಕ್ಕದಂತೆ ನಡೆದುಕೊಂಡ. ಹರಳಿನ ತೂಕ ಕಳೆದು ಬಂಗಾರಕ್ಕೆ ಬೆಲೆ ಕಟ್ಟಿದ. ಹರಳನ್ನು ತಾನು ಇಟ್ಟುಕೊಳ್ಳದೆ ವಾಪಸ್ ಕೊಟ್ಟ, ಅದು ಅವನ ನಿಯತ್ತು.

ಪತ್ರಿಕೆಯವರಾದ ನಮ್ಮ ಪಾಲೂ ಇದರಲ್ಲಿದೆ. ಈ ಹತ್ತು ವರ್ಷದಲ್ಲಿ ನಿಧಿಗಳ್ಳರು ಗುಡಿಯ ಲಿಂಗ ಕಿತ್ತ, ಬಸವಣ್ಣನ ಮೂರ್ತಿ ಒಡೆದ, ವೀರಗಲ್ಲಿನ ಬುಡ ಅಗೆದ ಸುದ್ದಿಗಳನ್ನು ಎಷ್ಟು ಕಳಿಸಿದ್ದೇನೋ ಲೆಕ್ಕ ಇಲ್ಲ. ಪ್ರತಿ ಸಲ ಶೀರ್ಷಿಕೆಯಲ್ಲಿ ಇರುವುದು "ಕೋಟಿ ಬೆಲೆಯ ನಿಧಿ" ಅಥವಾ "ನಿಧಿ ಆಸೆ". ಓದಿದವನ ತಲೆಯಲ್ಲಿ ಉಳಿಯುವುದು ಕೋಟಿ. ಮಡಕೆ ಚೂರಿಗೂ ಬೆಲೆ ಇದೆ, ಅದು ರೂಪಾಯಿಯಲ್ಲಿ ಇಲ್ಲ ಎಂದು ನಾನು ಒಮ್ಮೆಯೂ ಬರೆಯಲಿಲ್ಲ.

ನಮ್ಮ ರಾಯಚೂರು ಸೀಮೆಗೆ ಇದು ಹೊಸ ಪಾಠ ಆಗಬೇಕಿರಲಿಲ್ಲ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಬೆಟ್ಟದಲ್ಲಿ ಬಂಗಾರದ ಅದಿರು ಹುಡುಕುತ್ತಿದ್ದ. ಅವನ ಕಣ್ಣಿಗೆ ಬಿದ್ದದ್ದು ಬಂಡೆಯ ಮೇಲಿನ ಅಕ್ಷರ. ಬಂಗಾರ ಅಲ್ಲವೆಂದು ಮುಂದೆ ಹೋಗದೆ ಅದನ್ನು ತಿಳಿದವರಿಗೆ ತಿಳಿಸಿದ. ಶಾಸನಗಳಲ್ಲಿ ದೇವಾನಾಂಪ್ರಿಯ ಎಂದು ಕರೆಸಿಕೊಳ್ಳುವ ದೊರೆ ಅಶೋಕನೇ ಎಂದು ಖಚಿತವಾದದ್ದು ಆ ಬಂಡೆಯಿಂದ. ಮಸ್ಕಿಯ ಹೆಸರು ಇವತ್ತು ದೇಶದ ಎಲ್ಲ ಚರಿತ್ರೆ ಪುಸ್ತಕದಲ್ಲಿದೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ದೊಡ್ಡವ್ವನನ್ನು ಬೈಕಿನಲ್ಲಿ ಕೂರಿಸಿಕೊಂಡು ಆ ಹೊಲಕ್ಕೆ ಹೋದೆ. ದೊಡ್ಡಪ್ಪ ತೀರಿಕೊಂಡು ಆರು ವರ್ಷ ಆಗಿದೆ. ದಿಬ್ಬದ ಅರ್ಧ ಭಾಗವನ್ನು ಜೆಸಿಬಿಯಲ್ಲಿ ತೆಗೆದು ಮಣ್ಣು ಸಾಗಿಸಿದ್ದಾರೆ. ಅವಳು ಬದುವಿನ ಮೇಲೆ ನಿಂತು ಕೈ ಮಾಡಿ ತೋರಿಸಿದಳು.

"ಆ ಬೇವಿನ ಗಿಡದಿಂದ ಹತ್ತು ಮಾರು ಈಚೆ. ರೆಂಟೆ ಕುಳ ಎಷ್ಟು ಇಳೀತದೋ ಅಷ್ಟ ಆಳದಾಗ. ಗಡಿಗಿ ಕರಿದು ಇತ್ತು, ಒಳಗ ಬೂದಿಯಂಥ ಮಣ್ಣು. ಹರಳು ಏಳೋ ಎಂಟೋ. ಚಪ್ಪಟಿ ಇದ್ವು, ದುಂಡಗ ಇರ್ಲಿಲ್ಲ."

ಎಲ್ಲವನ್ನೂ ಬರೆದುಕೊಂಡೆ. ಸರ್ವೆ ನಂಬರು, ಗಿಡ, ಆಳ, ಗಡಿಗೆಯ ಬಣ್ಣ, ಹರಳಿನ ಸಂಖ್ಯೆ. ಬದುವಿನ ಫೋಟೊ ತೆಗೆದೆ. ಮಡಕೆ ಚೂರುಗಳನ್ನು ಮುಟ್ಟದೆ ಇದ್ದಲ್ಲೇ ಫೋಟೊ ತೆಗೆದು, ಪಕ್ಕದಲ್ಲಿ ಅಳತೆಗೆ ಒಂದು ರೂಪಾಯಿ ನಾಣ್ಯ ಇಟ್ಟೆ. ಒಂದು ಪ್ರತಿಯನ್ನು ಪುರಾತತ್ವ ಇಲಾಖೆಗೆ ಅರ್ಜಿಯ ಜೊತೆ ಕಳಿಸಿದ್ದೇನೆ, ಉಳಿದ ಅರ್ಧ ದಿಬ್ಬವನ್ನಾದರೂ ಬಂದು ನೋಡಿ ಎಂದು. ಊರಿನ ಹೆಸರು ಇಲ್ಲಿ ಬರೆಯುತ್ತಿಲ್ಲ. ಓದಿ ಗುದ್ದಲಿ ಹಿಡಿದು ಬರುವವರು ಬೇಡ. ಬೋರಮಾಳದ ಮಾತನ್ನೂ ಅರ್ಜಿಯಲ್ಲಿ ಬರೆದಿದ್ದೇನೆ. ಬರೆಯುವ ಮೊದಲು ದೊಡ್ಡವ್ವನನ್ನು ಕೇಳಿದೆ. "ಬರಿ, ಇನ್ನ ನನಗ್ಯಾರ ಹೆದರಿಕಿ" ಅಂದಳು.

ನಿಮ್ಮೂರಿನಲ್ಲೂ ಒಂದು ಹಾಳೂರು ಇರುತ್ತದೆ, ಪಾಟಿಮಣ್ಣಿನ ದಿಬ್ಬ ಇರುತ್ತದೆ. ಅಲ್ಲಿ ಏನು ಸಿಕ್ಕಿತ್ತು ಎಂದು ಗೊತ್ತಿರುವ ಒಬ್ಬ ಅಜ್ಜಿಯೂ ಇರುತ್ತಾಳೆ. ಡಿಟೆಕ್ಟರ್ ಕೊಳ್ಳಬೇಡಿ, ಅಗೆಯಲು ಹೋಗಬೇಡಿ. ರಕ್ಷಿತ ಸ್ಮಾರಕದ ಜಾಗದಲ್ಲಿ ಅದು ಅಪರಾಧ, ಬೇರೆ ಕಡೆಯೂ ಅದರಿಂದ ಆಗುವುದು ಹಾನಿಯೇ. ಆ ಅಜ್ಜಿಯ ಹತ್ತಿರ ಕೂತು ಕೇಳಿ, ಜಾಗ ನೋಡಿ, ಬರೆದಿಡಿ. ಎಂದಾದರೂ ಹೊಲದಲ್ಲಿ ಹಳೆಯ ಒಡವೆ ಸಿಕ್ಕಿತು ಎಂದು ಯಾರಾದರೂ ನಿಮ್ಮ ಹತ್ತಿರ ಬಂದರೆ, ತೂಕ ಎಷ್ಟು ಎಂದು ಕೇಳುವ ಮೊದಲು ಎಲ್ಲಿ ಸಿಕ್ಕಿತು, ಜೊತೆಗೆ ಏನಿತ್ತು ಎಂದು ಕೇಳಿ. ಹರಳು ಇದ್ದರೆ ಕೀಳಬೇಡಿ ಎಂದು ಹೇಳಿ.